ಹಟ್ಟಿಮಣ್ಣಿನ ಹುಳಕಡ್ಡಿ ಶಿಲೀಂಧ್ರ: ಡಿಎನ್‌ಎಯಿಂದ ಹೆಸರು ಹಚ್ಚುವ ಬಗೆ

ಹುಳಕಡ್ಡಿ ತರುವ ಶಿಲೀಂಧ್ರಗಳಲ್ಲಿ ಕೆಲವು ಮಣ್ಣಲ್ಲೇ ಬಾಳುತ್ತವೆ. ಉದುರಿದ ಕೂದಲು, ಗರಿ, ಗೊರಸಿನ ಕೆರಾಟಿನ್ ಅವುಗಳ ಆಹಾರ. ಮಂಗಳೂರು, ಉಡುಪಿ ಕಡೆಯ ಮುರಕಲ್ಲಿನ ಗುಡ್ಡದಿಂದ ಮಣ್ಣು ತಂದು ಏನೂ ಬೆಳೆಯಲಿಲ್ಲ ಎಂದು ಕೊರಗಬೇಡಿ. ಆ ಮಣ್ಣು ಹುಳಿ, ಕೆರಾಟಿನ್ನೂ ಕಡಿಮೆ. ದನದ ಹಟ್ಟಿ, ಕೋಳಿಗೂಡಿನ ಬುಡ, ಕ್ಷೌರದಂಗಡಿಯ ಹಿತ್ತಿಲು ಒಳ್ಳೆಯ ಜಾಗಗಳು. ಮೇಲಿನ 5 ಸೆಂ.ಮೀ. ಒಳಗಿನ ಮಣ್ಣು 200 ಗ್ರಾಂ ಸಾಕು. ಆಟಿಯ (ಜುಲೈ–ಆಗಸ್ಟ್) ಮಳೆಯಲ್ಲಿ ತೆಗೆದ ಕೆಸರಾದರೆ ಮೊದಲು ನೆರಳಲ್ಲಿ ಆರಿಸಿ.

ಬೆಳೆಸಲು ಶಿಲೀಂಧ್ರತಜ್ಞ ವಾನ್‌ಬ್ರೂಸೆಗೆಮ್ 1952ರಲ್ಲಿ ತೋರಿಸಿದ ಕೂದಲಿನ ಗಾಳವೇ ಸಾಕು. ಪೆಟ್ರಿ ತಟ್ಟೆಗೆ ಅರ್ಧದಷ್ಟು ಮಣ್ಣು ತುಂಬಿ. ಎಣ್ಣೆ ಹೋಗುವಂತೆ ತೊಳೆದು ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ) ಮಾಡಿದ ಕೂದಲಿನ 1–2 ಸೆಂ.ಮೀ. ತುಂಡುಗಳನ್ನು ಹರಡಿ, ಶುದ್ಧೀಕರಿಸಿದ ನೀರು ಚಿಮುಕಿಸಿ. ಮಣ್ಣು ತೇವವಾಗಿದ್ದರೆ ಸಾಕು, ನೀರು ನಿಂತರೆ ಗಾಳಿಯಾಡದು. 25–28 ಡಿಗ್ರಿಯ ಕತ್ತಲಲ್ಲಿ 4 ವಾರ ಇಡಿ, ಒಂದು ವಾರದ ನಂತರ ಆಗಾಗ ನೋಡುತ್ತಿರಿ. ಕೂದಲಿನ ಮೇಲೆ ಬಿಳಿ ಬೂಷ್ಟು ಕಂಡರೆ ಅದನ್ನು ಶಿಲೀಂಧ್ರ ಬೆಳೆಸುವ ಸಬೊರೋ ಅಗರ್‌ಗೆ ದಾಟಿಸಿ. ಬೇರೆ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯದಂತೆ ಅದರಲ್ಲಿ ಲೀಟರಿಗೆ ಸೈಕ್ಲೋಹೆಕ್ಸಿಮೈಡ್ 500 ಮಿ.ಗ್ರಾಂ, ಕ್ಲೋರಾಂಫೆನಿಕಾಲ್ 50 ಮಿ.ಗ್ರಾಂ ಇರಲಿ. ಮೊದಲನೆಯದು ವಿಷ, ಕೈಗವಸು ಬಿಟ್ಟು ಮುಟ್ಟಬೇಡಿ. ಬೀಜಕಣ ಹಾರುವುದರಿಂದ ಇಡೀ ಕೆಲಸ ಜೈವಿಕ ಸುರಕ್ಷತಾ ಕ್ಯಾಬಿನೆಟ್ಟಿನೊಳಗೆ.

ಮಳೆಗಾಲದಲ್ಲಿ ಇಲ್ಲಿನ ಲ್ಯಾಬುಗಳಿಗೆ ನುಸಿಗಳ (ಮೈಟ್) ಕಾಟವೂ ಇದೆ. ತಟ್ಟೆಯಿಂದ ತಟ್ಟೆಗೆ ನಡೆದು ಎಲ್ಲವನ್ನೂ ಬೆರೆಸಿಬಿಡುತ್ತವೆ. ತಟ್ಟೆಗೆ ಪ್ಯಾರಾಫಿಲ್ಮ್ ಸುತ್ತಿ, ಒಂದೇ ಬೀಜಕಣದಿಂದ ಮತ್ತೆ ಬೆಳೆಸಿ. ಬೆರಕೆ ಕಲ್ಚರಿನ ಡಿಎನ್‌ಎ ಓದಿಸಲು ಕಳಿಸಿದರೆ ಬರುವುದು ಒಂದರ ಮೇಲೊಂದು ಬಿದ್ದ ಗೆರೆಗಳೇ.

ಎಳೆಯ ಬೆಳವಣಿಗೆ 100 ಮಿ.ಗ್ರಾಂ ಕೆರೆದು, ಗಾಜಿನ ಮಣಿ ಹಾಕಿ ಅಲುಗಿಸಿ ಅಥವಾ ದ್ರವ ಸಾರಜನಕದಲ್ಲಿ ಅರೆದು, ಸಿಟಿಎಬಿ ಎಂಬ ಮಾರ್ಜಕ ಬಳಸುವ ವಿಧಾನದಿಂದ ಡಿಎನ್‌ಎ ತೆಗೆಯಿರಿ. ಗೋಡೆ ಗಟ್ಟಿ, ಅರೆಯದೆ ಒಡೆಯದು. ಶಿಲೀಂಧ್ರದ ಪ್ರಭೇದ ಗುರುತಿಸಲು ಬಳಸುವ ಡಿಎನ್‌ಎ ಭಾಗ ಐಟಿಎಸ್. ಅದರ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್‌ಗೆ ಐಟಿಎಸ್1, ಐಟಿಎಸ್4 ಪ್ರೈಮರ್‌ಗಳು (ಪ್ರತಿ ಶುರುಮಾಡುವ ಪುಟ್ಟ ಡಿಎನ್‌ಎ ತುಣುಕುಗಳು). 25 ಮೈಕ್ರೋಲೀಟರಿನಲ್ಲಿ ಮಾಸ್ಟರ್ ಮಿಕ್ಸ್ (ಕಿಣ್ವ ಇತ್ಯಾದಿಗಳ ಸಿದ್ಧ ಮಿಶ್ರಣ) 12.5, ಪ್ರೈಮರ್ (10 ಮೈಕ್ರೋಮೋಲಾರ್) ತಲಾ 1, ಡಿಎನ್‌ಎ 1, ಉಳಿದದ್ದು ನೀರು. 95 ಡಿಗ್ರಿ 5 ನಿಮಿಷ. ಬಳಿಕ 94ರಲ್ಲಿ 30 ಸೆಕೆಂಡ್, 55ರಲ್ಲಿ 30, 72ರಲ್ಲಿ 1 ನಿಮಿಷ, ಹೀಗೆ 35 ಸುತ್ತು. ಕೊನೆಗೆ 72ರಲ್ಲಿ 7 ನಿಮಿಷ. ಜೆಲ್ಲಿನಲ್ಲಿ 600–700 ಬೇಸ್ (ಡಿಎನ್‌ಎ ಅಕ್ಷರ) ಸುಮಾರಿಗೆ ಪಟ್ಟಿ ಬರಬೇಕು. ಬಾರದಿದ್ದರೆ ಡಿಎನ್‌ಎ ಹೆಚ್ಚಿಸಬೇಡಿ, 10 ಪಟ್ಟು ತೆಳುಮಾಡಿ ನೋಡಿ: ಪಾಲಿಸ್ಯಾಕರೈಡ್ ಅಡ್ಡಗಾಲು ಹಾಕುವುದೇ ಹೆಚ್ಚು. ಡಿಎನ್‌ಎ ಇಲ್ಲದ ಒಂದು ಟ್ಯೂಬಂತೂ ಇರಲೇಬೇಕು. ಅದರಲ್ಲೂ ಪಟ್ಟಿ ಬಂದರೆ ಎಲ್ಲವನ್ನೂ ಚೆಲ್ಲಿ.

ಪಟ್ಟಿ ಬಂದ ಡಿಎನ್‌ಎಯ ಅನುಕ್ರಮವನ್ನು ಎರಡೂ ತುದಿಯಿಂದ ಓದಿಸಿ, ಮಸುಕಾದ ತುದಿಗಳನ್ನು ಕತ್ತರಿಸಿ, ಬ್ಲಾಸ್ಟ್ ಮಾಡಿ, ಅಂದರೆ ಸಾರ್ವಜನಿಕ ಡಿಎನ್‌ಎ ಸಂಗ್ರಹವಾದ ಜೀನ್‌ಬ್ಯಾಂಕಿನ ಅನುಕ್ರಮಗಳೊಂದಿಗೆ ಹೋಲಿಸಿ. ಹೆಚ್ಚಿನವರು ಎಡವುವುದು ಇಲ್ಲೇ. ಮೇಲೆ ಬಂದ ಹೆಸರನ್ನು ಹಾಗೇ ಬರೆದುಬಿಡುತ್ತಾರೆ. 2017ರ ವರ್ಗೀಕರಣದಲ್ಲಿ ಮೈಕ್ರೋಸ್ಪೋರಮ್ ಜಿಪ್ಸಿಯಮ್ ನಾನಿಜ್ಜಿಯಾ ಜಿಪ್ಸಿಯಾ ಆಯಿತು, ಜೀನ್‌ಬ್ಯಾಂಕಿನಲ್ಲಿ ಹಳೆಯ ಹೆಸರುಗಳು ಇನ್ನೂ ಕೂತಿವೆ. ನಾನಿಜ್ಜಿಯಾ ಕುಲದ ಜಿಪ್ಸಿಯಾ, ಇನ್‌ಕರ್ವಾಟಾ, ಫುಲ್ವಾ ಮೂರೂ ದಾಲ್ಚಿನ್ನಿ ಬಣ್ಣದ ಪುಡಿಪುಡಿ ವಸಾಹತುಗಳೇ, ಕಣ್ಣಳತೆಗೆ ಸಿಗವು. ಟೈಪ್ ಸ್ಟ್ರೇನ್‌ಗಳ (ಪ್ರಭೇದದ ಹೆಸರಿಗೆ ಆಧಾರವಾದ ಮಾದರಿಗಳ) ಅನುಕ್ರಮಗಳನ್ನು ಸೇರಿಸಿ, 1,000 ಬೂಟ್‌ಸ್ಟ್ರ್ಯಾಪ್‌ನೊಂದಿಗೆ (ಕೊಂಬೆ ಎಷ್ಟು ಗಟ್ಟಿ ಎಂದು ನೋಡುವ ಮರುಪರೀಕ್ಷೆ) ವಂಶವೃಕ್ಷ ಕಟ್ಟಿ. ನಿಮ್ಮದು ಯಾವ ಕೊಂಬೆಗೂ ಗಟ್ಟಿಯಾಗಿ ಅಂಟದಿದ್ದರೆ ಬೀಟಾ ಟ್ಯುಬುಲಿನ್ ಎಂಬ ಇನ್ನೊಂದು ಜೀನನ್ನೂ ಓದಿಸಿ; ಆಗಲೂ ಅನುಮಾನವಾದರೆ ‘ನಾನಿಜ್ಜಿಯಾ ಪ್ರಭೇದ’ ಎಂದಷ್ಟೇ ಬರೆಯಿರಿ. ರೋಗಿಯ ಚರ್ಮದ್ದೂ ಹಟ್ಟಿಯದ್ದೂ ಐಟಿಎಸ್ ಒಂದೇ ಆಗಿದ್ದರೆ ಪ್ರಭೇದ ಒಂದೇ ಎಂದಷ್ಟೇ ಅರ್ಥ, ಸೋಂಕು ಆ ಹಟ್ಟಿಯದೇ ಎನ್ನಲು ಅಷ್ಟು ಸಾಲದು.