ತಾಕತ್ತಿನ ಗುಳಿಗೆ ಆಮೇಲೆ

ಮಂಗಳೂರಿಗೆ ಮಳೆ ಹಿಡಿದರೆ ನನ್ನ ಕ್ಲಿನಿಕ್ಕಿಗೆ ಕಟ್ಟಡ ಕೆಲಸದ ಹುಡುಗರು ಚಳಿಜ್ವರ ಹೊತ್ತು ಬರುತ್ತಾರೆ. ಹೆಚ್ಚಿನವರದು ವೈವಾಕ್ಸ್ ಮಲೇರಿಯಾ. 3 ದಿನ ಕ್ಲೋರೋಕ್ವಿನ್, 14 ದಿನ ಪ್ರೈಮಾಕ್ವಿನ್. ಅದರ ಬಾಲಕ್ಕೆ ಬಿ ಕಾಂಪ್ಲೆಕ್ಸ್, ವಿಟಮಿನ್ ಸಿ, ಫೋಲಿಕ್ ಆಸಿಡ್ ಗೀಚುವುದು ನನ್ನ ಕೈಗೆ ಅಂಟಿದ ಚಟವಾಗಿತ್ತು. "ಸುಸ್ತು, ತಾಕತ್ತಿಗೆ ಏನಾದರೂ ಕೊಡಿ" ಎಂದವನಿಗೆ ಇಲ್ಲವೆನ್ನಲು ಬಾಯಿ ಬರುತ್ತಿರಲಿಲ್ಲ.

ಚಟ ಬಿಡಿಸಿದವನು ಒಬ್ಬ ಸೆಂಟ್ರಿಂಗ್ ಹುಡುಗ. ಜಿ-6-ಪಿಡಿ ಕಿಣ್ವದ ಕೊರತೆ ಇದ್ದವರಿಗೆ ಪ್ರೈಮಾಕ್ವಿನ್ ಕೊಟ್ಟರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಹಾಗಾಗಿ ಪರೀಕ್ಷೆ ಸರಿಯಿದ್ದರೂ "ಮೂತ್ರದ ಬಣ್ಣ ಬದಲಾದರೆ ಮಾತ್ರೆ ನಿಲ್ಲಿಸಿ ಬಾ" ಎಂದು ಹೇಳಿ ಕಳಿಸುತ್ತೇನೆ. ಮೂರನೇ ದಿನ ಬೆಳಿಗ್ಗೆ ಅವನು ಮೇಸ್ತ್ರಿಯ ಬೈಕಿನಲ್ಲಿ ಬಂದಿಳಿದ. ಕೈಯಲ್ಲೊಂದು ನೀರಿನ ಬಾಟಲಿ, ಅದರಲ್ಲಿ ಮೂತ್ರ. "ನೋಡಿ ಡಾಕ್ಟರೇ, ಅರಸಿನ ಕದಡಿದ ಹಾಗಿದೆ" ಎಂದರು ಮೇಸ್ತ್ರಿ. ಅದು ಬಿ ಕಾಂಪ್ಲೆಕ್ಸಿನ ರೈಬೋಫ್ಲೇವಿನ್ ಬಣ್ಣ. ನಾನು ಹೆದರಬೇಕಾದದ್ದು ರಕ್ತಕಣ ಒಡೆದಾಗ ಬರುವ ಕಪ್ಪು ಚಹಾದ ಬಣ್ಣಕ್ಕೆ. ಹುಡುಗ ಹಿಂದಿನ ದಿನದ ಪ್ರೈಮಾಕ್ವಿನ್ ನುಂಗಿರಲಿಲ್ಲ. ತಪ್ಪು ಅವನದಲ್ಲ.

ಮಲೇರಿಯಾದ ಹೆಚ್ಚು ಅಪಾಯದ ಬಗೆಯಾದ ಫಾಲ್ಸಿಪಾರಂ ಆದರೆ ನಾನು ಇನ್ನೂ ಬಿಗಿ. ಅದರ ಮದ್ದಾದ ಆರ್ಟಿಸುನೇಟ್ ಜೊತೆ ಕೊಡುವ ಸಲ್ಫಡಾಕ್ಸಿನ್-ಪೈರಿಮೆಥಮಿನ್, ಮಲೇರಿಯಾ ಪರಾವಲಂಬಿ ತನಗೆ ಬೇಕಾದ ಫೋಲೇಟ್ (ಫೋಲಿಕ್ ಆಸಿಡ್ ಇದರದೇ ಒಂದು ರೂಪ) ತಯಾರಿಸಿಕೊಳ್ಳುವುದನ್ನೇ ತಡೆಯುತ್ತದೆ. ಅದೇ ಹೊತ್ತಿಗೆ 5 ಮಿ.ಗ್ರಾಂ. ಫೋಲಿಕ್ ಆಸಿಡ್ ಬರೆದರೆ ಉಪವಾಸ ಕೆಡವಿದ ಶತ್ರುವಿಗೆ ನಾವೇ ಎಲೆ ಹಾಕಿದಂತೆ. ಮದ್ದಿನ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದೂ ಆ 5 ಮಿ.ಗ್ರಾಂ. ಮಾತ್ರೆಯೇ. ಈಗ ಅದಕ್ಕೆ ಎರಡು ವಾರ ರಜೆ. (ಗರ್ಭಿಣಿಯರ ಲೆಕ್ಕ ಬೇರೆ. ಸರ್ಕಾರಿ ಕಬ್ಬಿಣದ ಮಾತ್ರೆಯಲ್ಲಿ ಫೋಲಿಕ್ ಆಸಿಡ್ ಇರುವುದು 0.5 ಮಿ.ಗ್ರಾಂ. ಮಾತ್ರ, ಅದನ್ನು ನಿಲ್ಲಿಸುವುದಿಲ್ಲ.)

ಆರ್ಟಿಸುನೇಟ್ ಪರಾವಲಂಬಿಯೊಳಗಿನ ಕಬ್ಬಿಣ ತಾಗಿ ಒಡೆದು, ಸಿಕ್ಕಿದ್ದನ್ನು ಕೆಡಿಸುವ ಚುರುಕು ಕಣಗಳಾದ ಫ್ರೀ ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ, ಕೊಲ್ಲುವುದು ಅವೇ. ವಿಟಮಿನ್ ಸಿ, ಇ ಮಾಡುವುದು ಅವುಗಳನ್ನು ತಣಿಸುವ ಕೆಲಸ. ಒಂದು ಗುಳಿಗೆಯಿಂದ ಚಿಕಿತ್ಸೆಯೇ ಕೆಟ್ಟಿತು ಎಂದು ನಾನು ಹೆದರಿಸುವುದಿಲ್ಲ. ಆದರೆ ಆರ್ಟಿಸುನೇಟ್ ನುಂಗುವ ಮೂರು ದಿನ ಇವನ್ನು ತಡೆದರೆ ಕಳೆದುಕೊಳ್ಳುವುದೇನು? ಕುಚ್ಚಲಕ್ಕಿ ಗಂಜಿಗೆ, ಲಿಂಬೆ ಶರಬತ್ತಿಗೆ ಅಡ್ಡಿಯಿಲ್ಲ.

ಮೇಸ್ತ್ರಿ ಈಗಲೂ ಹುಡುಗರನ್ನು ಕರೆತಂದು ತಾಕತ್ತಿನ ಗುಳಿಗೆ ಕೇಳುತ್ತಾರೆ. ಚೀಟಿಯ ಹಿಂಬದಿಯಲ್ಲಿ ಅದರ ಹೆಸರು ಬರೆದು, ಎದುರಿಗೆ ಶುರು ಮಾಡಬೇಕಾದ ತಾರೀಖು ಹಾಕಿ ಕೊಡುತ್ತೇನೆ. ಆ ತಾರೀಖಿಗೆ ಗುಳಿಗೆ ಕೊಳ್ಳಲು ಹೋದವರು ಕಡಿಮೆ. ಅಷ್ಟರಲ್ಲಿ ಸುಸ್ತು ಇಳಿದು ಸಾರುವೆ ಹತ್ತಿರುತ್ತಾರೆ.