ಓಟಿ ಲೆಕ್ಕ ಬಲ್ಲವರು ನನ್ನ ಅಂಕಪಟ್ಟಿ ತಿದ್ದಿಸಿದ್ದು

ಮೂಡಿಗೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವನು ನಾನು. ಗಣಿತದ ಮೇಷ್ಟ್ರು ಸರಾಸರಿಯಲ್ಲಿ ಎಡವಿದರೆ ಅಡುಗೆಭಟ್ಟರು ಅನ್ನ ಸೀಯಿಸಿದಂತೆ. ನಾನು ಎಡವಿದ್ದೆ. ಅದೂ ಒಂಬತ್ತನೆಯ ತರಗತಿಯ ವಾರ್ಷಿಕ ಫಲಿತಾಂಶದಲ್ಲಿ, ಪ್ರಗತಿ ಪತ್ರಗಳು ಮಕ್ಕಳ ಕೈ ಸೇರಿದ ಮೇಲೆ ಗೊತ್ತಾಯಿತು.

ಒಂಬತ್ತನೆಯ ತರಗತಿಗೆ ವರ್ಷದಲ್ಲಿ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಎರಡು ಸಂಕಲನಾತ್ಮಕ ಮೌಲ್ಯಮಾಪನ. ಇಷ್ಟುದ್ದದ ಹೆಸರನ್ನು ಯಾರೂ ಹೇಳುವುದಿಲ್ಲ. ಶಿಕ್ಷಕರ ಕೊಠಡಿಯಲ್ಲಿ ಅವು ಎಫ್‌ಎ ಮತ್ತು ಎಸ್‌ಎ. ಎಫ್‌ಎ ಎಂದರೆ ತರಗತಿಯ ದಿನನಿತ್ಯದ ದುಡಿಮೆ: ಚಟುವಟಿಕೆ, ಯೋಜನೆ, ಕಿರುಪರೀಕ್ಷೆ. ಎಸ್‌ಎ ಎಂದರೆ ದಸರಾ ರಜೆಗೆ ಮುಂಚಿನ ಪರೀಕ್ಷೆ ಮತ್ತು ಮಾರ್ಚ್ ತಿಂಗಳ ಪರೀಕ್ಷೆ. ಒಂದೊಂದು ಎಫ್‌ಎಗೆ ಕೊನೆಯ ನೂರರಲ್ಲಿ 10ರ ತೂಕ, ಒಂದೊಂದು ಎಸ್‌ಎಗೆ 30ರ ತೂಕ. ನಲವತ್ತೂ ಅರವತ್ತೂ ಸೇರಿ ನೂರು. 90 ದಾಟಿದರೆ ಎ ಪ್ಲಸ್, 70ರಿಂದ ಎ, 50ರಿಂದ ಬಿ ಪ್ಲಸ್, 30ರಿಂದ ಬಿ, ಅದಕ್ಕೂ ಕೆಳಗೆ ಸಿ.

ಆ ವರ್ಷ ಎಫ್‌ಎಗಳನ್ನು 50 ಅಂಕಗಳಿಗೂ ಎಸ್‌ಎಗಳನ್ನು 80 ಅಂಕಗಳಿಗೂ ನಡೆಸಿದ್ದೆವು. ಏಪ್ರಿಲ್‌ನ ಗಡಿಬಿಡಿಯಲ್ಲಿ ಹೊಸದೊಂದು ಎಕ್ಸೆಲ್ ಹಾಳೆ ಮಾಡಿ, ಆರೂ ಅಂಕಗಳನ್ನು ಕೂಡಿ, ಒಟ್ಟು 360ರಿಂದ ಭಾಗಿಸಿ ಶೇಕಡಾ ತೆಗೆದುಬಿಟ್ಟೆ. ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಂಡಿತು. ಬಣ್ಣ ಬೇರೆ ತುಂಬಿದ್ದೆ.

ಫಲಿತಾಂಶದ ಮರುದಿನ ಒಬ್ಬ ಹುಡುಗನ ತಂದೆ ಬಂದರು. ನಾಲ್ಕು ಎಕರೆ ಕಾಫಿ ತೋಟದವರು, ಮಾತು ಕಡಿಮೆ. ಮಗನ ಪ್ರಗತಿ ಪತ್ರವನ್ನು ಮೇಜಿನ ಮೇಲಿಟ್ಟು, "ಮೇಷ್ಟ್ರೇ, ಎರಡು ದೊಡ್ಡ ಪರೀಕ್ಷೆಯಲ್ಲಿ 68, 72 ತೆಗೆದಿದ್ದಾನೆ. ಕೊನೆಗೆ ಬಿ ಪ್ಲಸ್ ಹೇಗಾಯಿತು?" ಎಂದರು. ಚಟುವಟಿಕೆಗಳನ್ನು ಸರಿಯಾಗಿ ಒಪ್ಪಿಸಿಲ್ಲ, ಹಣ್ಣು ಕೊಯ್ಲಿನ ದಿನಗಳಲ್ಲಂತೂ ವಾರಗಟ್ಟಲೆ ಮುಖವನ್ನೇ ತೋರಿಸಲಿಲ್ಲ, ಎಫ್‌ಎಯಲ್ಲಿ ಬಂದದ್ದು 24, 26, 22, 28 ಅಷ್ಟೆ ಎಂದೆ. ಅವರು ಒಪ್ಪಿದರು. ಆದರೆ ಎದ್ದು ಹೋಗಲಿಲ್ಲ.

"ನನ್ನ ಹತ್ತಿರ ಓಟಿ 27 ಬರುವ 30 ಮೂಟೆ ಇದೆ, ಓಟಿ 23 ಬರುವ 10 ಮೂಟೆ ಇದೆ ಎಂದುಕೊಳ್ಳಿ. ವ್ಯಾಪಾರಿ ಎರಡನ್ನೂ ಕೂಡಿ ಅರ್ಧ ಮಾಡಿ 25 ಎಂದರೆ ನಾನು ಮಾಲು ಕೊಟ್ಟು ಬರುತ್ತೇನೆಯೇ?"

ಕಾಫಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ಒಂದು ಮಾತು: 50 ಕಿಲೋ ಮೂಟೆಯ ಒಣ ಚೆರ್ರಿಯ, ಅಂದರೆ ಒಣಗಿಸಿದ ಕಾಫಿ ಹಣ್ಣಿನ, ಸಿಪ್ಪೆ ತೆಗೆಸಿದಾಗ ಎಷ್ಟು ಕಿಲೋ ಬೀಜ ಸಿಗುತ್ತದೆಯೋ ಅದೇ ಔಟ್‌ಟರ್ನ್, ಬಾಯಿಮಾತಿನಲ್ಲಿ ಓಟಿ. ಅದರ ಮೇಲೆಯೇ ಬೆಲೆ. 30ನ್ನು 27ರಿಂದ, 10ನ್ನು 23ರಿಂದ ಗುಣಿಸಿ ಕೂಡಿದರೆ 1040. ಅದನ್ನು 40 ಮೂಟೆಗೆ ಭಾಗಿಸಿದರೆ 26. ಹೆಚ್ಚು ಮೂಟೆ ಇರುವ ಕಡೆಗೆ ಸರಾಸರಿ ವಾಲಲೇಬೇಕು.

"ನನ್ನ ಮಗನ ಲೆಕ್ಕದಲ್ಲಿ ಮೂಟೆ ಎಷ್ಟೆಷ್ಟು, ಸ್ವಲ್ಪ ನೋಡಿ" ಎಂದರು.

ನೋಡಿದೆ. ಬೆವರಿತು. 360ರಲ್ಲಿ 200 ಎಫ್‌ಎಯದೇ. 40ರ ತೂಕ ಇರಬೇಕಾದದ್ದಕ್ಕೆ ನನ್ನ ಹಾಳೆ ಶೇಕಡಾ 55ಕ್ಕೂ ಹೆಚ್ಚು ಕೊಟ್ಟಿತ್ತು. 60 ಇರಬೇಕಾದ ಪರೀಕ್ಷೆಗಳು 45ರೊಳಗೆ ಕುಗ್ಗಿದ್ದವು. ಅವರೆದುರಿಗೇ ಕಾಗದದ ಮೇಲೆ ಮತ್ತೆ ಮಾಡಿದೆ. ಪ್ರತಿ ಅಂಕವನ್ನೂ ಅದರದೇ ಗರಿಷ್ಠ ಅಂಕದಿಂದ ಭಾಗಿಸಿ, ಅದರ ತೂಕದಿಂದ ಗುಣಿಸಬೇಕು; ಕೂಡುವುದು ಆಮೇಲೆ. ಎಫ್‌ಎಗಳು 4.8, 5.2, 4.4, 5.6, ಸೇರಿ 20. ಎಸ್‌ಎಗಳು 25.5 ಮತ್ತು 27. ಒಟ್ಟು 72.5. ಹುಡುಗನದು ಎ ಶ್ರೇಣಿ. ನಾನು ಕೊಟ್ಟದ್ದು 66.67.

ಅವರು ಹೋದ ಮೇಲೆ ನಿಜವಾದ ಸಂಕಟ ಶುರುವಾಯಿತು. ಪರೀಕ್ಷೆಗಿಂತ ಎಫ್‌ಎಯಲ್ಲಿ ಹೆಚ್ಚು ಶೇಕಡಾ ತೆಗೆದವರದು ಇಳಿಯಲೇಬೇಕಲ್ಲ. ಅದೇ ತರಗತಿಯ ಒಬ್ಬ ಹುಡುಗಿ, ಬಲು ಅಚ್ಚುಕಟ್ಟು, ನಾಲ್ಕು ಎಫ್‌ಎಯಲ್ಲಿ 46, 44, 45, 45. ಪರೀಕ್ಷೆಯಲ್ಲಿ ಮಾತ್ರ 36 ಮತ್ತು 40. ನನ್ನ ಹಳೆಯ ಲೆಕ್ಕದಲ್ಲಿ 71.1, ಅಂದರೆ ಎ. ಸರಿಯಾದ ಲೆಕ್ಕದಲ್ಲಿ ಎಫ್‌ಎಯ 36ಕ್ಕೆ ಎಸ್‌ಎಯ 13.5 ಮತ್ತು 15 ಸೇರಿ 64.5, ಬಿ ಪ್ಲಸ್. ಏರಿದವರದನ್ನು ಮಾತ್ರ ತಿದ್ದಿ, ಇಳಿಯುವವರದನ್ನು ಹಾಗೆಯೇ ಬಿಡೋಣ ಎಂದು ಸಹೋದ್ಯೋಗಿಯೊಬ್ಬರು ಸಲಹೆ ಕೊಟ್ಟರು. ಮನಸ್ಸು ಅತ್ತ ವಾಲಿದ್ದು ಸುಳ್ಳಲ್ಲ. ಆದರೆ ಒಂದೇ ತರಗತಿಗೆ ಎರಡು ತಕ್ಕಡಿ ಇಟ್ಟುಕೊಳ್ಳುವುದು ಹೇಗೆ? ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು ಎಲ್ಲರ ಪತ್ರಗಳನ್ನೂ ವಾಪಸು ತರಿಸಿದೆ.

ಈಗ ನನ್ನ ಹಾಳೆಯ ಮೇಲಿನ ಎರಡು ಸಾಲುಗಳಲ್ಲಿ ಮಕ್ಕಳ ಹೆಸರಿಲ್ಲ. ಒಂದರಲ್ಲಿ ಗರಿಷ್ಠ ಅಂಕ, ಇನ್ನೊಂದರಲ್ಲಿ ತೂಕ. ಸೂತ್ರ ಈ ಸಾಲುಗಳಿಂದಲೇ ಓದಿಕೊಳ್ಳುತ್ತದೆ. ಪರೀಕ್ಷೆ 80ರ ಬದಲು 40ಕ್ಕೆ ನಡೆದರೆ ಹಾಳೆಯ ಒಂದು ಮನೆಯನ್ನು (ಸೆಲ್) ತಿದ್ದಿದರೆ ಸಾಕು. ಮೂರನೆಯ ಸಾಲಿನಲ್ಲಿ ಪೂರ್ಣಪ್ಪ ಎಂಬ ಇಲ್ಲದ ವಿದ್ಯಾರ್ಥಿಯನ್ನು ಕೂರಿಸಿದ್ದೇನೆ. ಅವನಿಗೆ ಎಲ್ಲದರಲ್ಲೂ ಪೂರ್ತಿ ಅಂಕ. ಅವನ ಒಟ್ಟು 100 ಬರಲಿಲ್ಲವೆಂದರೆ ಸೂತ್ರ ಎಲ್ಲೋ ಕೆಟ್ಟಿದೆ. ಆದರೆ ನನ್ನ ಹಳೆಯ ತಪ್ಪನ್ನು ಪೂರ್ಣಪ್ಪನೊಬ್ಬನೇ ಹಿಡಿಯಲಾರ, 360ಕ್ಕೆ 360 ತೆಗೆದವನಿಗೂ ನೂರೇ ಬರುತ್ತದೆ. ಅದಕ್ಕಾಗಿ ಪಕ್ಕದಲ್ಲಿ ಇನ್ನೊಬ್ಬನಿದ್ದಾನೆ: ಎಫ್‌ಎಯಲ್ಲಿ ಪೂರ್ತಿ, ಎಸ್‌ಎಯಲ್ಲಿ ಸೊನ್ನೆ. ಅವನದು ಸರಿಯಾಗಿ 40 ಬರಬೇಕು.

ದಶಾಂಶಗಳನ್ನು ನಡುವೆ ದುಂಡಗೆ ಮಾಡುವ ಚಾಳಿಯನ್ನೂ ಬಿಟ್ಟೆ. 50ಕ್ಕೆ 43 ಎಂದರೆ 8.6; ಅದನ್ನು 9 ಎಂದು ಬರೆದುಕೊಳ್ಳುವುದು ರೂಢಿ. ನಾಲ್ಕು ಸಲ ಹೀಗಾದರೆ 34.4 ಇರಬೇಕಾದದ್ದು 36 ಆಗುತ್ತದೆ. ಎಸ್‌ಎಯಿಂದ 34 ಬಂದವನು 68.4ರ ಬಿ ಪ್ಲಸ್‌ನಿಂದ 70ರ ಎಗೆ ಜಿಗಿಯುತ್ತಾನೆ, ಓದದೆಯೇ. ದುಂಡಗೆ ಮಾಡುವುದಿದ್ದರೆ ಕೊನೆಯಲ್ಲಿ, ಒಂದೇ ಸಲ.

ಖಾಲಿ ಮನೆಯ ವಿಷಯ ಇನ್ನೂ ಸೂಕ್ಷ್ಮ. ಜುಲೈ ಮಳೆಗೆ ಹಳ್ಳ ತುಂಬಿ ಮಗು ಬಾರದಿದ್ದರೆ ಆ ಮನೆ ಖಾಲಿ ಉಳಿಯುತ್ತದೆ, ಎಕ್ಸೆಲ್ ಅದನ್ನು ಸದ್ದಿಲ್ಲದೆ ಸೊನ್ನೆ ಎಂದೆಣಿಸುತ್ತದೆ. ನಾನು ಅಲ್ಲಿ 'ಗೈರು' ಎಂದು ಬರೆಯುತ್ತೇನೆ, ಸೂತ್ರ ದೋಷ ತೋರಿಸುತ್ತದೆ, ಆ ದೋಷ ಹೋಗಬೇಕಾದರೆ ಮಗುವಿಗೆ ಮತ್ತೊಮ್ಮೆ ಪರೀಕ್ಷೆ ಕೊಡಲೇಬೇಕು. ನನ್ನ ಸೋಮಾರಿತನಕ್ಕೆ ನಾನೇ ಹಾಕಿಕೊಂಡ ಬೇಲಿ ಅದು.

ತೂಕ ಸರಿಯಾದ ಮೇಲೂ ಒಂದು ಮುಳ್ಳು ಉಳಿಯಿತು. ಚಟುವಟಿಕೆಗೆ ನಾವು ಧಾರಾಳವಾಗಿ ಅಂಕ ಹಾಕುತ್ತೇವೆ, ನಾನೂ ಹೊರತಲ್ಲ. ಇಡೀ ತರಗತಿಗೆ 45ರ ಆಸುಪಾಸು ಹಾಕಿದರೆ ಕಾಗದದಲ್ಲಿ 40ರ ತೂಕ ಇದ್ದರೂ ಅದು ಯಾರನ್ನೂ ಯಾರಿಂದಲೂ ಬೇರ್ಪಡಿಸುವುದಿಲ್ಲ. ಕೊನೆಗೆ ಶ್ರೇಣಿಯನ್ನು ಪರೀಕ್ಷೆಯೇ ತೀರ್ಮಾನಿಸುತ್ತದೆ. ಆ ಹುಡುಗಿಯ ನಾಲ್ಕು ಅಂಕಗಳಲ್ಲಿ ಅವಳ ಶ್ರಮ ಎಷ್ಟು, ನನ್ನ ಧಾರಾಳ ಎಷ್ಟು ಎಂದು ಈಗಲೂ ಯೋಚಿಸುತ್ತೇನೆ.

ಅವಳಿಗೆ ಅಕ್ಟೋಬರ್‌ನಲ್ಲೇ ಒಂದು ಲೆಕ್ಕ ತೋರಿಸಬಹುದಿತ್ತು. ಮೊದಲ ಅರ್ಧದಲ್ಲಿ ಅವಳದು 9.2, 8.8, 13.5 ಸೇರಿ 50ಕ್ಕೆ 31.5. ಎ ಬೇಕಾದರೆ ಇನ್ನೂ 38.5 ಬೇಕು. ಉಳಿದ ಎಫ್‌ಎಗಳಿಂದ 18 ಬಂದರೆ ವಾರ್ಷಿಕದಿಂದ 20.5, ಅಂದರೆ 80ಕ್ಕೆ 55 ಅಂಕ. 'ಚೆನ್ನಾಗಿ ಓದು' ಎನ್ನುವುದಕ್ಕಿಂತ 'ಮಾರ್ಚ್‌ನಲ್ಲಿ 55 ತೆಗೆ' ಎನ್ನುವುದು ಮಕ್ಕಳಿಗೆ ಬೇಗ ಹತ್ತುತ್ತದೆ. ಈಗ ದಸರಾ ರಜೆ ಮುಗಿದ ವಾರದಲ್ಲಿ ಪ್ರತಿಯೊಬ್ಬರಿಗೂ ಅವರವರ ಈ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕೊಡುತ್ತೇನೆ.

ತಿದ್ದಿದ ಪತ್ರ ಕೊಡುವಾಗ ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ತಪ್ಪು ನನ್ನದು ಎಂದು ಹೇಳಿ ಲೆಕ್ಕ ಬಿಡಿಸಿ ತೋರಿಸಿದೆ. ಅಳಲಿಲ್ಲ. ಸ್ವಲ್ಪ ಹೊತ್ತು ಕಾಗದವನ್ನೇ ನೋಡಿ, "ಸರ್, ಮುಂದಿನ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಪರೀಕ್ಷೆಯೇ 80, ಎಫ್‌ಎ ಎಲ್ಲ ಸೇರಿ 20 ತಾನೇ?" ಎಂದಳು. ಹೌದು ಎಂದೆ. ಪೆನ್ನು ಕೇಳಿ ಪಡೆದು, ಆ ಕಾಗದದ ಹಿಂಬದಿಯಲ್ಲಿ ತಾನೇ ಕೂಡುವುದಕ್ಕೆ ಕುಳಿತಳು.