ಒಂದೇ ರಸ್ತೆಯ ದ್ವೀಪದಿಂದ ಅತಿಥಿಗಳನ್ನು ಕಳುಹಿಸಿದ ನಾಲ್ಕು ದಿನಗಳು

2017ರ ಸೆಪ್ಟೆಂಬರಿನಲ್ಲಿ ಇರ್ಮಾ ಚಂಡಮಾರುತವು ಅಮೆರಿಕದ ಫ್ಲಾರಿಡಾ ಕೀಸ್ ದ್ವೀಪಗಳತ್ತ ಬರುತ್ತಿದ್ದಾಗ ನಾನು ಮ್ಯಾರಥಾನ್ ಪಟ್ಟಣದ ಕಡಲಂಚಿನಲ್ಲಿರುವ ಒಂದು ಹೋಟೆಲಿನ ವ್ಯವಸ್ಥಾಪಕನಾಗಿದ್ದೆ. ಆ ನಾಲ್ಕು ದಿನಗಳಲ್ಲಿ ನಾವು ಏನು ಮಾಡಿದೆವು, ಯಾವುದನ್ನು ಮೊದಲು ಮಾಡಿದೆವು, ಎಲ್ಲಿ ತಪ್ಪಿದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಪ್ರವಾಸಿ ಸ್ಥಳಗಳಲ್ಲಿ ಕೆಲಸ ಮಾಡುವವರು ಚಂಡಮಾರುತದ ಸಿದ್ಧತೆ ಎಂದೊಡನೆ ಕಿಟಕಿಗೆ ಹಲಗೆ ಹೊಡೆಯುವುದನ್ನೇ ನೆನೆಯುತ್ತಾರೆ. ನನ್ನ ಅನುಭವದಲ್ಲಿ ಅದು ಎರಡನೆಯ ಕೆಲಸ. ಊರಿನ ಪರಿಚಯವಿಲ್ಲದ, ಸ್ವಂತ ವಾಹನವಿಲ್ಲದ, ರಜೆಯ ಗುಂಗಿನಲ್ಲಿರುವ ಅತಿಥಿಗಳನ್ನು ಎಲ್ಲರಿಗಿಂತ ಮೊದಲು ಹೊರಗೆ ಕಳುಹಿಸುವುದೇ ಮೊದಲನೆಯ ಕೆಲಸ, ಮತ್ತು ಅದನ್ನು ಆಕಾಶ ತಿಳಿಯಾಗಿರುವಾಗಲೇ ಮಾಡಿ ಮುಗಿಸಬೇಕು.

ಕೀಸ್ ದ್ವೀಪಗಳ ನೆಲವು ಹೆಚ್ಚಿನ ಕಡೆ ಸಮುದ್ರಮಟ್ಟದಿಂದ ಕೆಲವೇ ಅಡಿಗಳಷ್ಟು ಎತ್ತರದಲ್ಲಿದೆ. ಇಡೀ ಸರಣಿಯನ್ನು ಮುಖ್ಯ ಭೂಭಾಗಕ್ಕೆ ಸೇರಿಸುವುದು 113 ಮೈಲಿ ಉದ್ದದ, 42 ಸೇತುವೆಗಳ ಓವರ್‌ಸೀಸ್ ಹೆದ್ದಾರಿಯೊಂದೇ, ಅದರಲ್ಲೂ ಬಹುಭಾಗದಲ್ಲಿ ಹೋಗಲು ಒಂದು ಸಾಲು, ಬರಲು ಒಂದು ಸಾಲು. ಕುಡಿಯುವ ನೀರು ಕೂಡ ಭೂಭಾಗದಿಂದ ಕೊಳವೆಯಲ್ಲಿ ಬರಬೇಕು. ಇಂಥ ಜಾಗದಲ್ಲಿ ತಡವಾದರೆ ಏನಾಗುತ್ತದೆ ಎಂಬುದಕ್ಕೆ ಇಸ್ಲಮೊರಾಡದಲ್ಲಿರುವ ಸ್ಮಾರಕವೇ ಸಾಕ್ಷಿ. 1935ರ ಸೆಪ್ಟೆಂಬರ್ 2ರಂದು, ರಸ್ತೆ ಕೆಲಸಕ್ಕೆ ಬಂದಿದ್ದ ಮಾಜಿ ಸೈನಿಕರನ್ನು ಕರೆತರಲು ಹೊರಟ ರೈಲು ತಡವಾಗಿ ತಲುಪಿತು, ಉಕ್ಕಿ ಬಂದ ಸಮುದ್ರವು ಅದರ ಡಬ್ಬಿಗಳನ್ನು ಹಳಿಯಿಂದ ಕೆಡವಿತು, ಆ ಚಂಡಮಾರುತದಲ್ಲಿ 400ಕ್ಕೂ ಹೆಚ್ಚು ಜನ ಸತ್ತರು. ಹೊಸದಾಗಿ ಕೆಲಸಕ್ಕೆ ಸೇರಿದ ಪ್ರತಿಯೊಬ್ಬರನ್ನೂ ನಾನು ಒಮ್ಮೆ ಆ ಸ್ಮಾರಕದ ಬಳಿಗೆ ಕರೆದುಕೊಂಡು ಹೋಗುತ್ತಿದ್ದೆ.

ಸೆಪ್ಟೆಂಬರ್ 4, ಸೋಮವಾರ, ಅಮೆರಿಕದ ಕಾರ್ಮಿಕ ದಿನದ ರಜೆ. ವಾರಾಂತ್ಯಕ್ಕೆ ಬಂದವರು ಹೊರಡುತ್ತಿದ್ದರು, ಮಂಗಳವಾರಕ್ಕೆ ಹೊಸಬರು ಬರುವವರಿದ್ದರು. ಅಂದು ರಾಜ್ಯಪಾಲರು ಇಡೀ ಫ್ಲಾರಿಡಾದಲ್ಲಿ ತುರ್ತುಸ್ಥಿತಿ ಘೋಷಿಸಿದರು. ಇರ್ಮಾ ಇನ್ನೂ ಕೆರಿಬಿಯನ್ ದ್ವೀಪಗಳಾಚೆ ಇತ್ತು. ಆ ಸಂಜೆ ನಾನು ಮಾಡಿದ ಮೊದಲ ಕೆಲಸವೆಂದರೆ ಒಂದು ಕಾಗದದ ಮೇಲೆ ಹಿಂದುಮುಂದಾಗಿ ಲೆಕ್ಕ ಹಾಕಿದ್ದು. ಚಂಡಮಾರುತದ ಕಣ್ಣು ಯಾವಾಗ ನೆಲ ಮುಟ್ಟುತ್ತದೆ ಎಂಬುದನ್ನು ಹೆಚ್ಚಿನವರು ಕೇಳುತ್ತಾರೆ, ಆದರೆ ನಮಗೆ ಬೇಕಾದದ್ದು ಆ ಗಳಿಗೆಯಲ್ಲ. ಗಂಟೆಗೆ 39 ಮೈಲಿ, ಅಂದರೆ ಸುಮಾರು 63 ಕಿಲೋಮೀಟರ್ ವೇಗದ ಗಾಳಿ ಮೊದಲು ಬೀಸುವ ಹೊತ್ತು ನಮಗೆ ಬೇಕು, ಏಕೆಂದರೆ ಅದಾದ ಮೇಲೆ ಏಣಿ ಹತ್ತುವಂತಿಲ್ಲ, ಎತ್ತರದ ಸೇತುವೆಯ ಮೇಲೆ ಬಸ್ಸು ಓಡಿಸುವಂತಿಲ್ಲ. ಕಣ್ಣು ಭಾನುವಾರ ಬಂದರೂ ಆ ಗಾಳಿ ಶನಿವಾರವೇ ಬರಬಹುದಿತ್ತು. ಶನಿವಾರದಿಂದ ಹಿಂದಕ್ಕೆ ಎಣಿಸಿ, ಕೆಲಸಗಾರರು ಶುಕ್ರವಾರ ಬೆಳಿಗ್ಗೆಯೊಳಗೆ, ಕಟ್ಟಡದ ಕೆಲಸ ಗುರುವಾರ ರಾತ್ರಿಯೊಳಗೆ, ಅತಿಥಿಗಳು ಬುಧವಾರ ಮಧ್ಯಾಹ್ನದೊಳಗೆ ಎಂದು ಗೆರೆ ಎಳೆದೆ.

ಈ ಲೆಕ್ಕ ಆತುರದ್ದೆಂದು ಮಾಲೀಕರಿಗೆ ಅನ್ನಿಸಿತು. ಮುನ್ಸೂಚನೆ ಕೊಡುವ ರಾಷ್ಟ್ರೀಯ ಚಂಡಮಾರುತ ಕೇಂದ್ರದಿಂದ ನಿಗಾ ಸೂಚನೆ, ಅಂದರೆ ಚಂಡಮಾರುತ ಬರಬಹುದೆಂಬ ಸೂಚನೆ ಬರಲಿ, ಆಮೇಲೆ ನೋಡೋಣ ಎಂದರು. ನಿಗಾ ಸೂಚನೆಯನ್ನು ಗಂಟೆಗೆ 39 ಮೈಲಿಯ ಆ ಗಾಳಿಯ ನಿರೀಕ್ಷಿತ ಹೊತ್ತಿಗೆ 48 ಗಂಟೆ ಮುಂಚೆ, ಎಚ್ಚರಿಕೆಯನ್ನು 36 ಗಂಟೆ ಮುಂಚೆ ಕೊಡುತ್ತಾರೆ. ಹಲವು ದಾರಿಗಳಿರುವ ಊರಿಗೆ ಅದು ಸಾಕಾಗಬಹುದು, ಒಂದೇ ರಸ್ತೆಯ ದ್ವೀಪಗಳಿಗೆ ಸಾಲದು. ಕೀಸ್ ದ್ವೀಪಗಳು ಸೇರಿರುವ ಮನ್ರೋ ಕೌಂಟಿಯ, ಅಂದರೆ ಜಿಲ್ಲೆಯ, ಅಧಿಕಾರಿಗಳೂ ಹಾಗೆಯೇ ಯೋಚಿಸಿದ್ದರು. ಪ್ರವಾಸಿಗಳೆಲ್ಲ ಬುಧವಾರ ಬೆಳಿಗ್ಗೆ 7ರಿಂದ ಕಡ್ಡಾಯವಾಗಿ ಹೊರಡಬೇಕು, ನಿವಾಸಿಗಳು ಅದೇ ಸಂಜೆ 7ರಿಂದ ಹೊರಡಬೇಕು ಎಂಬ ಆದೇಶ ಬಂತು. ನಿಗಾ ಸೂಚನೆ ಬಂದದ್ದು ಮರುದಿನ, ಗುರುವಾರ.

ಸೋಮವಾರ ರಾತ್ರಿಯೇ ಮಾಲೀಕರಿಂದ ಒಂದು ಒಪ್ಪಿಗೆಯನ್ನು ಪಡೆದುಕೊಂಡೆ: ಉಳಿಯದ ಪ್ರತಿ ರಾತ್ರಿಯ ಹಣವನ್ನೂ ಪೂರ್ತಿಯಾಗಿ ಹಿಂದಿರುಗಿಸುವುದು. ಇಡೀ ಸಿದ್ಧತೆಯಲ್ಲಿ ಅತ್ಯಂತ ಉಪಯೋಗಕ್ಕೆ ಬಂದ ನಿರ್ಧಾರ ಇದೇ ಎಂದು ನಾನು ಈಗಲೂ ನಂಬುತ್ತೇನೆ. ವರ್ಷವಿಡೀ ಹಣ ಕೂಡಿಟ್ಟು ಬಂದ ಕುಟುಂಬವು ಹೊರಡಲು ಹಿಂದೆಮುಂದೆ ನೋಡುವುದು ಧೈರ್ಯದಿಂದಲ್ಲ, ಕೊಟ್ಟ ಹಣ ಹೋಗುತ್ತದೆಂಬ ಸಂಕಟದಿಂದ. ಅವರು ಕೇಳುವ ಮೊದಲೇ ಹಣದ ಮಾತನ್ನು ಮುಗಿಸಿಬಿಟ್ಟರೆ ಅವರ ಮನಸ್ಸು ದಾರಿಯ ಕಡೆಗೆ ತಿರುಗುತ್ತದೆ. ಮಂಗಳವಾರ ಬರಬೇಕಿದ್ದವರಿಗೆಲ್ಲ ಅದೇ ರಾತ್ರಿ ದೂರವಾಣಿ ಮಾಡಿ, ಬರಬೇಡಿ ಎಂದು ತಿಳಿಸಿದೆವು.

ಮಂಗಳವಾರ ಬೆಳಿಗ್ಗೆ 38 ಕೋಣೆಗಳಲ್ಲಿ ಅತಿಥಿಗಳಿದ್ದರು. ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಕೋಣೆಯ ಸಂಖ್ಯೆಯ ಪ್ರಕಾರ ಪಟ್ಟಿ ಹಿಡಿದು ಒಂದೊಂದೇ ಬಾಗಿಲು ತಟ್ಟುತ್ತಾ ಹೋದೆ, ಅರ್ಧ ದಿನ ಹಾಗೆಯೇ ಕಳೆಯಿತು. ಕಾರಿದ್ದವರು ಮಾತು ಮುಗಿಯುವ ಮೊದಲೇ ಪೆಟ್ಟಿಗೆ ಕಟ್ಟತೊಡಗಿದ್ದರು, ಅವರಿಗೆ ನನ್ನ ಅಗತ್ಯವೇ ಇರಲಿಲ್ಲ. ಮಯಾಮಿ ವಿಮಾನ ನಿಲ್ದಾಣದಿಂದ ಬಾಡಿಗೆ ವ್ಯಾನಿನಲ್ಲಿ ಬಂದಿದ್ದ 9 ಕೋಣೆಗಳವರಿಗೆ ಹೊರಡಲು ದಾರಿಯೇ ಇರಲಿಲ್ಲ. ವ್ಯಾನಿನವರು ಬುಧವಾರದ ಆಸನಗಳೆಲ್ಲ ತುಂಬಿವೆ ಎಂದರು. ಮಧ್ಯಾಹ್ನದ ಮೇಲೆ ಪಟ್ಟಿಯನ್ನು ಹರಿದು, ಯಾರು ಹೇಗೆ ಬಂದರು ಎಂಬುದರ ಪ್ರಕಾರ ಹೊಸದಾಗಿ ಬರೆದೆವು. ಕೊನೆಗೆ ಹೋಟೆಲಿನದೇ ಎರಡು ವಾಹನಗಳಲ್ಲಿ ಆ ಒಂಬತ್ತು ಕೋಣೆಗಳವರನ್ನು ಎರಡು ಸರದಿಯಲ್ಲಿ ಭೂಭಾಗಕ್ಕೆ ತಲುಪಿಸಿದೆವು. ಬೆಳಿಗ್ಗೆಯೇ ಹೀಗೆ ಮಾಡಿದ್ದರೆ ಎರಡನೆಯ ಸರದಿ ಬುಧವಾರಕ್ಕೆ ಉಳಿಯುತ್ತಿರಲಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಮಂಗಳವಾರ ಸಂಜೆ ಗೊತ್ತಾಯಿತು. ಕೆಳಮಹಡಿಯ ಕೊನೆಯ ಕೋಣೆಯಲ್ಲಿದ್ದ ವೃದ್ಧ ದಂಪತಿಯಲ್ಲಿ ಪತಿಯು ರಾತ್ರಿ ಆಮ್ಲಜನಕದ ಯಂತ್ರವಿಲ್ಲದೆ ಮಲಗುವಂತಿರಲಿಲ್ಲ. ಅದು ವಿದ್ಯುತ್ತಿನಿಂದ ನಡೆಯುವ ಯಂತ್ರ. ಅವರು ಐದು ದಿನಗಳಿಂದ ನಮ್ಮಲ್ಲಿದ್ದರೂ ನಾವು ಯಾರೂ ಕೇಳಿರಲಿಲ್ಲ, ಅವರಾಗಿ ಹೇಳಿರಲಿಲ್ಲ. ಅವರಿಗೆ ರಸ್ತೆ ಬದಿಯ ಯಾವುದೋ ಒಂದು ತಂಗುದಾಣ ಸಾಲದು, ವಿದ್ಯುತ್ ಖಚಿತವಾಗಿರುವ ಜಾಗವೇ ಬೇಕು. ರಾಜ್ಯದ ಉತ್ತರದ ಗಡಿಯಾಚೆ, ಜಾರ್ಜಿಯದಲ್ಲಿದ್ದ ಅವರ ಮಗಳನ್ನು ಸಂಪರ್ಕಿಸಿ, ನಮ್ಮ ಸ್ವಾಗತಕಾರರಲ್ಲಿ ಒಬ್ಬರು ರಾತ್ರಿಯೇ ಆ ದಂಪತಿಯನ್ನು ಕೂರಿಸಿಕೊಂಡು, ದಂಪತಿಯ ಕಾರನ್ನು ತಾವೇ ಓಡಿಸಿಕೊಂಡು ಹೊರಟರು. ಅಂದು ಮುಂಬಾಗಿಲಲ್ಲಿ ನಿಂತು ಆ ಕಾರಿನ ಹಿಂದೀಪ ಮರೆಯಾಗುವವರೆಗೂ ನೋಡುತ್ತಿದ್ದೆ.

ಅತಿಥಿಗಳೊಡನೆ ಮಾತನಾಡುವ ಬಗೆಯನ್ನು ಸ್ವಲ್ಪ ಹೇಳಬೇಕು. ಮಂಗಳವಾರ ಸಮುದ್ರ ಕನ್ನಡಿಯಂತಿತ್ತು, ಬಿಸಿಲು ಚೆನ್ನಾಗಿತ್ತು, ಈಜುಕೊಳದ ಬಳಿ ಮಕ್ಕಳು ಆಡುತ್ತಿದ್ದರು. ಆಗ ಇರ್ಮಾದ ಗಾಳಿ ಗಂಟೆಗೆ 280 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಬೀಸುತ್ತಿದೆ ಎಂದರೆ ಅದು ಯಾರ ಮನಸ್ಸಿಗೂ ನಾಟುವುದಿಲ್ಲ. ಮುನ್ಸೂಚನೆಯ ನಕ್ಷೆಯಲ್ಲಿ ತೋರಿಸುವ ಶಂಕುವಿನಾಕಾರದ ಪಟ್ಟೆಯೂ ತಪ್ಪು ತಿಳಿವಳಿಕೆಗೆ ಎಡೆಮಾಡುತ್ತದೆ. ಅದು ಚಂಡಮಾರುತದ ಕೇಂದ್ರವು ಸಾಗಬಹುದಾದ ಹರವನ್ನಷ್ಟೇ ತೋರಿಸುತ್ತದೆ, ಗಾಳಿಮಳೆಯ ಹರವನ್ನಲ್ಲ, ಮತ್ತು ಮೂರರಲ್ಲಿ ಒಂದು ಸಲ ಕೇಂದ್ರವೇ ಅದರ ಹೊರಗೆ ಹೋಗಬಹುದು. ಹೀಗಾಗಿ ನಾನು ಅಂಕಿಗಳನ್ನು ಬಿಟ್ಟು ಮೂರು ಪ್ರಶ್ನೆ ಕೇಳುತ್ತಿದ್ದೆ: ಶನಿವಾರ ರಾತ್ರಿ ಎಲ್ಲಿ ಮಲಗುತ್ತೀರಿ, ಕಾರಿನಲ್ಲಿ ಎಷ್ಟು ಪೆಟ್ರೋಲ್ ಇದೆ, ಔಷಧಿ ಎಷ್ಟು ದಿನಕ್ಕಿದೆ. ಮೊದಲ ಪ್ರಶ್ನೆಗೆ ಉತ್ತರ ಹುಡುಕುವಾಗಲೇ ಹೆಚ್ಚಿನವರು ಹೊರಡುವ ನಿರ್ಧಾರಕ್ಕೆ ಬರುತ್ತಿದ್ದರು. ಮಯಾಮಿಯಲ್ಲಿ ನಿಲ್ಲಬೇಡಿ, ದಾಟಿ ಉತ್ತರಕ್ಕೆ ಹೋಗಿ ಎಂದು ಎಲ್ಲರಿಗೂ ಹೇಳಿದೆವು. ಗುರುವಾರದ ಹೊತ್ತಿಗೆ ಮಯಾಮಿ-ಡೇಡ್ ಕೌಂಟಿಯ ಕರಾವಳಿಯವರೂ ರಸ್ತೆಗಿಳಿದರು, ಪೆಟ್ರೋಲ್ ಬಂಕುಗಳು ಒಂದೊಂದಾಗಿ ಬರಿದಾದವು. ರಾಜ್ಯದಲ್ಲಿ ಒಟ್ಟು 60 ಲಕ್ಷಕ್ಕೂ ಹೆಚ್ಚು ಜನರಿಗೆ ತೆರವಿನ ಆದೇಶವಾಗಿತ್ತು. ಬುಧವಾರವೇ ಹೊರಟ ನಮ್ಮವರು ಆ ದಟ್ಟಣೆಗಿಂತ ಒಂದು ದಿನ ಮುಂದಿದ್ದರು.

ಕೆಲಸಗಾರರ ವಿಷಯ ನನ್ನನ್ನು ಹೆಚ್ಚು ಕಾಡಿತು. ಬೇಸಿಗೆಯ ಕೆಲಸಕ್ಕೆಂದು ಬೇರೆ ದೇಶಗಳಿಂದ ಬಂದ ವಿದ್ಯಾರ್ಥಿಗಳು ಮತ್ತು ಟ್ರೇಲರ್ ಮನೆಗಳಲ್ಲಿ, ಅಂದರೆ ಎಳೆದು ಸಾಗಿಸಬಹುದಾದ ಹಗುರ ಮನೆಗಳಲ್ಲಿ, ಬಾಡಿಗೆಗಿದ್ದ ಕೋಣೆ ಶುಚಿಗೊಳಿಸುವವರು ನಮ್ಮಲ್ಲಿದ್ದರು. ಅವರಲ್ಲಿ ಬಹುಮಂದಿಗೆ ಕಾರಿರಲಿಲ್ಲ, ಮತ್ತು ಟ್ರೇಲರ್ ಮನೆಗಳು ಗಾಳಿಗೆ ಮೊದಲು ಬಲಿಯಾಗುವಂಥವು. ಕೊನೆಯ ಹಲಗೆ ಬಿಗಿಯುವವರೆಗೂ ಇವರನ್ನು ಇಟ್ಟುಕೊಂಡು, ಆಮೇಲೆ ನಿಮ್ಮ ದಾರಿ ನೋಡಿಕೊಳ್ಳಿ ಎನ್ನುವುದು ನನಗೆ ಅನ್ಯಾಯವೆನಿಸಿತು. ವಾಹನವಿಲ್ಲದವರನ್ನೂ ಚಿಕ್ಕ ಮಕ್ಕಳಿರುವವರನ್ನೂ ಸಂಬಳ ಕೊಟ್ಟು ಬುಧವಾರ ಸಂಜೆಯೇ ಕಳುಹಿಸಿದೆ. ಕೆಲವರು ಕೌಂಟಿಯ ಬಸ್ಸುಗಳಲ್ಲಿ ಮಯಾಮಿಯ ಫ್ಲಾರಿಡಾ ಇಂಟರ್‌ನ್ಯಾಷನಲ್ ವಿಶ್ವವಿದ್ಯಾಲಯದಲ್ಲಿ ಕೀಸ್‌ನವರಿಗಾಗಿ ತೆರೆದ ಆಶ್ರಯಕ್ಕೆ ಹೋದರು. ಸಂಬಳವನ್ನು ನಗದಾಗಿಯೇ ಕೊಟ್ಟೆವು, ವಿದ್ಯುತ್ ಹೋದ ಮೇಲೆ ಕಾರ್ಡುಗಳು ನಡೆಯುವುದಿಲ್ಲ.

ಉಳಿದ ಎಂಟು ಜನ ಕಟ್ಟಡದ ಕೆಲಸ ಮಾಡಿದೆವು. ಕಿಟಕಿಗಳಿಗೆ ಅಲ್ಯೂಮಿನಿಯಮ್ ಹಲಗೆಗಳಿದ್ದವು, ಆದರೆ ಅವುಗಳ ಹಿಂಬದಿಯ ಸಂಖ್ಯೆಗಳು ಅಳಿಸಿಹೋಗಿದ್ದವು, ಬಿಗಿಯುವ ನಟ್ಟುಗಳು ಉಪ್ಪುಗಾಳಿಗೆ ತುಕ್ಕು ಹಿಡಿದಿದ್ದವು. ಯಾವ ಹಲಗೆ ಯಾವ ಕಿಟಕಿಗೆ ಎಂದು ಹುಡುಕುವುದರಲ್ಲೇ ಗುರುವಾರದ ಬೆಳಗು ಹೋಯಿತು. ಗಾಜಿಗೆ ಅಂಟುಪಟ್ಟಿ ಹಚ್ಚುವುದನ್ನು ನಾನು ತಡೆದೆ, ಅದರಿಂದ ಗಾಜು ಉಳಿಯುವುದಿಲ್ಲ, ಒಡೆದಾಗ ದೊಡ್ಡ ಚೂರುಗಳಾಗಿ ಬೀಳುವುದಷ್ಟೇ. ತೆಂಗಿನ ಮರಗಳಿಂದ ಕಾಯಿಗಳನ್ನೆಲ್ಲ ಇಳಿಸಿದೆವು, ಬಿರುಗಾಳಿಯಲ್ಲಿ ಒಂದು ಕಾಯಿ ಗುಂಡಿನಂತೆ ಬಂದು ಬಡಿಯುತ್ತದೆ. ಕೊಡೆ, ಕುರ್ಚಿ, ಕಸದ ಡಬ್ಬಿ, ನಾಮಫಲಕ, ಹೂಕುಂಡ, ಎಲ್ಲವೂ ಒಳಗೆ ಬಂದವು. ಅಡುಗೆ ಅನಿಲದ ತೊಟ್ಟಿಯ ಕವಾಟ ಮುಚ್ಚಿ, ನೀರಿನಲ್ಲಿ ತೇಲಿಹೋಗದಂತೆ ಪಟ್ಟಿಗಳಿಂದ ಬಿಗಿದೆವು. ಲಿಫ್ಟನ್ನು ಮೇಲಿನ ಮಹಡಿಗೆ ಒಯ್ದು ವಿದ್ಯುತ್ ಕಡಿದೆವು.

ಈಜುಕೊಳದ ನೀರನ್ನು ಖಾಲಿ ಮಾಡೋಣ ಎಂದು ಒಬ್ಬರು ಸೂಚಿಸಿದರು. ಇದು ಹಲವರು ಮಾಡುವ ದುಬಾರಿ ತಪ್ಪು. ಸುಣ್ಣಕಲ್ಲಿನ ಈ ದ್ವೀಪಗಳಲ್ಲಿ ಅಂತರ್ಜಲ ಬಹಳ ಮೇಲಿದೆ, ಮಳೆಗೂ ಉಬ್ಬರಕ್ಕೂ ಅದು ಇನ್ನೂ ಏರುತ್ತದೆ, ಒಳಗೆ ನೀರಿನ ಭಾರವಿಲ್ಲದ ಕೊಳವನ್ನು ಕೆಳಗಿನ ನೀರು ದೋಣಿಯಂತೆ ಮೇಲೆತ್ತಿ ಬಿರುಕುಬಿಡಿಸಬಹುದು. ನೀರನ್ನು ಹಾಗೆಯೇ ಬಿಟ್ಟು ಪಂಪಿನ ವಿದ್ಯುತ್ತನ್ನು ಮಾತ್ರ ಕಡಿದೆವು. ಫ್ರೀಜರಿನಲ್ಲಿದ್ದ ಆಹಾರವನ್ನೆಲ್ಲ ಕೆಲಸಗಾರರಿಗೆ ಹಂಚಿ, ಅದನ್ನು ಬರಿದು ಮಾಡಿ ಬಾಗಿಲು ತೆರೆದಿಟ್ಟೆವು. ಕೊನೆಗೆ ಪ್ರತಿ ಕೋಣೆಯನ್ನೂ ವಿಡಿಯೊ ಮಾಡಿ ವಿಮೆಯ ಕಾಗದಗಳ ಜೊತೆ ನಾನೇ ಇಟ್ಟುಕೊಂಡೆ.

ಶುಕ್ರವಾರ ನಸುಕಿನಲ್ಲಿ ಮುಖ್ಯ ವಿದ್ಯುತ್ ಗುಂಡಿ ಆರಿಸಿ ಹೊರಟೆವು. ಭಾನುವಾರ, ಸೆಪ್ಟೆಂಬರ್ 10ರ ಬೆಳಿಗ್ಗೆ 9 ಗಂಟೆ 10 ನಿಮಿಷಕ್ಕೆ ಇರ್ಮಾ ಐದು ಶ್ರೇಣಿಗಳಲ್ಲಿ ನಾಲ್ಕನೆಯ ಶ್ರೇಣಿಯ ಚಂಡಮಾರುತವಾಗಿ, ಗಂಟೆಗೆ 130 ಮೈಲಿ ವೇಗದ ಗಾಳಿಯೊಂದಿಗೆ, ನಮ್ಮ ಹೋಟೆಲಿನಿಂದ ಸುಮಾರು 40 ಕಿಲೋಮೀಟರ್ ಪಶ್ಚಿಮದ ಕಡ್ಜೋ ಕೀ ದ್ವೀಪದಲ್ಲಿ ನೆಲ ಮುಟ್ಟಿತು. ಅದು ಉತ್ತರದತ್ತ ಸಾಗುತ್ತಿದ್ದುದರಿಂದ ನಮ್ಮ ಹೋಟೆಲು ಅದರ ಬಲಗಡೆ, ಅಂದರೆ ಗಾಳಿಯೂ ಉಬ್ಬರವೂ ಹೆಚ್ಚಾಗಿರುವ ಮಗ್ಗುಲಲ್ಲಿತ್ತು. ಮರಳಿದಾಗ ಕೆಳಮಹಡಿಯಲ್ಲಿ ಮೊಣಕಾಲೆತ್ತರದವರೆಗೆ ಕೆಸರಿನ ಗುರುತಿತ್ತು, ಹಾಸಿಗೆಗಳೂ ಗೋಡೆಯ ಒಳಪದರವೂ ಹಾಳಾಗಿದ್ದವು. ಹಲಗೆ ಹಾಕಿದ್ದ ಒಂದು ಗಾಜೂ ಒಡೆದಿರಲಿಲ್ಲ. ಕೊಳ ತನ್ನ ಜಾಗದಲ್ಲೇ ಇತ್ತು. ನಮ್ಮ ಕೆಲಸಗಾರರಲ್ಲಿ ನಾಲ್ವರ ಟ್ರೇಲರ್ ಮನೆಗಳು ಇರಲಿಲ್ಲ, ಆ ನಾಲ್ವರೂ ಕ್ಷೇಮವಾಗಿದ್ದರು.

ಕೀಸ್ ಅಕ್ಟೋಬರ್ 1ರಂದು ಪ್ರವಾಸಿಗಳಿಗೆ ಮತ್ತೆ ತೆರೆಯಿತು, ನಮ್ಮ ಮೇಲ್ಮಹಡಿಗೆ ಅತಿಥಿಗಳು ಬರಲು ಇನ್ನಷ್ಟು ದಿನ ಬೇಕಾಯಿತು. ಅಷ್ಟರೊಳಗೆ ಹಲಗೆಗಳ ಮೇಲೆ ಸಂಖ್ಯೆಗಳನ್ನು ಕೊರೆಸಿ, ತುಕ್ಕು ಹಿಡಿಯದ ಉಕ್ಕಿನ ನಟ್ಟುಗಳನ್ನು ತರಿಸಿದೆವು. ಜೂನ್ 1ರಿಂದ ನವೆಂಬರ್ 30ರವರೆಗಿನ ಋತುವಿನಲ್ಲಿ ಬರುವ ಪ್ರತಿ ಅತಿಥಿಯನ್ನೂ ನಮ್ಮ ಸ್ವಾಗತಕಾರರು ಕೋಣೆಯ ಕೀಲಿ ಕೊಡುವಾಗಲೇ ಎರಡು ಮಾತು ಕೇಳಿ ದಾಖಲಿಸುತ್ತಾರೆ: ಇಲ್ಲಿಗೆ ಹೇಗೆ ಬಂದಿರಿ, ವಿದ್ಯುತ್ ಇಲ್ಲದೆ ನಡೆಯದ ಉಪಕರಣ ಅಥವಾ ತಂಪಿನಲ್ಲಿಡಬೇಕಾದ ಔಷಧಿ ನಿಮ್ಮೊಡನೆ ಇದೆಯೇ. ಹಣ ಹಿಂದಿರುಗಿಸುವ ಒಪ್ಪಿಗೆಗೆ ಮಾಲೀಕರು ಪ್ರತಿ ವರ್ಷ ಮೇ ತಿಂಗಳಲ್ಲೇ ಸಹಿ ಹಾಕುತ್ತಾರೆ, ಅದರ ಪ್ರತಿ ಸ್ವಾಗತಕಾರರ ಮೇಜಿನ ಮೇಲಿನ ಖಾನೆಯಲ್ಲಿರುತ್ತದೆ.